ಕೇರಿಯಲ್ಲಿ ಕಾಲೇಜ್ ಕಪ್: ವರ್ಮಾಂಟ್ ಗೆದ್ದ ರಾತ್ರಿ, ಆಮೇಲೆ ಒಂದಿಷ್ಟು ಜಗಳ

ಕೇರಿಯವನು

ನಾನಿರುವ ಊರಿನ ಹೆಸರು ಕೇರಿ. ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದಲ್ಲಿದೆ. ಫೋನ್ ಮಾಡಿದಾಗಲೆಲ್ಲ ನಮ್ಮ ದೊಡ್ಡಪ್ಪ "ಯಾವ ಕೇರಿಯಪ್ಪ, ಮೇಲಿನದೋ ಕೆಳಗಿನದೋ?" ಎಂದು ಕೇಳುತ್ತಾರೆ. ಹನ್ನೊಂದು ವರ್ಷವಾಯಿತು, ಆ ಹಾಸ್ಯ ಅವರಿಗೆ ಇನ್ನೂ ಹಳತಾಗಿಲ್ಲ.

ಇಲ್ಲಿ ಕನ್ನಡದವರು ಬೇಕಾದಷ್ಟು ಇದ್ದಾರೆ. ವಾರಾಂತ್ಯದಲ್ಲಿ ಪಕ್ಕದ ಮಾರಿಸ್‌ವಿಲ್ ಊರಿನ ಕ್ರಿಕೆಟ್ ಮೈದಾನದ ಬಳಿ ನಿಂತರೆ ಜಯನಗರದ ಯಾವುದೋ ಬಸ್ ನಿಲ್ದಾಣದಲ್ಲಿ ನಿಂತಂತೆ ಆಗುತ್ತದೆ. ಆದರೆ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ವೇಕ್‌ಮೆಡ್ ಸಾಕರ್ ಪಾರ್ಕಿಗೆ ಹೋಗೋಣ ಬನ್ನಿ ಎಂದರೆ ಒಬ್ಬರೂ ಜಾಗ ಬಿಟ್ಟು ಏಳುವುದಿಲ್ಲ. ಸಾಕರ್ ಎಂದರೆ ನಮ್ಮ ಫುಟ್‌ಬಾಲೇ. ಪುರುಷರ ಕಾಲೇಜು ಸಾಕರ್‌ನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಎರಡು ಸೆಮಿಫೈನಲ್ ಮತ್ತು ಫೈನಲ್ ಸೇರಿದ ಕೊನೆಯ ಹಂತಕ್ಕೆ ಕಾಲೇಜ್ ಕಪ್ ಎನ್ನುತ್ತಾರೆ. ಅದು ಎಷ್ಟೋ ಸಲ ನಮ್ಮೂರಿನಲ್ಲಿಯೇ ನಡೆದಿದೆ.

2024ರ ಡಿಸೆಂಬರ್ 16, ಸೋಮವಾರ ರಾತ್ರಿ. ಹೆಂಡತಿಯನ್ನು ಹೇಗೋ ಒಪ್ಪಿಸಿ ಕರೆದುಕೊಂಡು ಹೋದೆ. ಒಂದು ಕಡೆ ಪಶ್ಚಿಮ ವರ್ಜೀನಿಯಾದ ಮಾರ್ಷಲ್ ವಿಶ್ವವಿದ್ಯಾಲಯ, ಇನ್ನೊಂದು ಕಡೆ ವರ್ಮಾಂಟ್ ವಿಶ್ವವಿದ್ಯಾಲಯ. ಟೂರ್ನಿಗೆ ಬರುವುದು 48 ತಂಡಗಳು, ಅವುಗಳಲ್ಲಿ 16ಕ್ಕೆ ಮಾತ್ರ ಶ್ರೇಯಾಂಕ. ವರ್ಮಾಂಟ್ ಆ ಹದಿನಾರರಲ್ಲಿ ಇರಲಿಲ್ಲ. ವರ್ಮಾಂಟ್ ರಾಜ್ಯದ ಒಟ್ಟು ಜನಸಂಖ್ಯೆಯೇ ಆರೂವರೆ ಲಕ್ಷದ ಆಸುಪಾಸು, ನಮ್ಮ ಕೊಡಗಿಗಿಂತ ಒಂದಿಷ್ಟು ಹೆಚ್ಚು. ಸ್ಕೀಯಿಂಗ್ ಬಿಟ್ಟರೆ ಆ ವಿಶ್ವವಿದ್ಯಾಲಯ ಯಾವ ಆಟದಲ್ಲಿಯೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿರಲಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ಹಸಿರು ಟೋಪಿ ಹಾಕಿದ ಒಬ್ಬ ಅಜ್ಜ ಕುಳಿತಿದ್ದರು. ವರ್ಮಾಂಟ್‌ನ ಬರ್ಲಿಂಗ್ಟನ್‌ನಿಂದ ಕಾರು ಓಡಿಸಿಕೊಂಡು ಬಂದಿದ್ದೇನೆ ಎಂದರು. ಹದಿಮೂರು ಗಂಟೆಯ ದಾರಿಗೆ ಕಡಿಮೆಯಿಲ್ಲ.

ಮೊದಲ ಗೋಲು ಮಾರ್ಷಲ್‌ನದು, 67ನೆಯ ನಿಮಿಷದಲ್ಲಿ. ಅಜ್ಜ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. 81ನೆಯ ನಿಮಿಷದಲ್ಲಿ ವರ್ಮಾಂಟ್ ಸಮ ಮಾಡಿತು, ಟೋಪಿ ಮತ್ತೆ ತಲೆಗೇರಿತು. ಹೆಚ್ಚುವರಿ ಸಮಯದಲ್ಲಿ, 95ನೆಯ ನಿಮಿಷಕ್ಕೆ, ಜರ್ಮನಿಯ ಹುಡುಗ ಮ್ಯಾಕ್ಸಿಮಿಲಿಯನ್ ಕಿಸ್ಸೆಲ್ ಉದ್ದನೆಯ ಚೆಂಡೊಂದರ ಹಿಂದೆ ಓಡಿದ, ಡಿಫೆಂಡರ್‌ನನ್ನು ಹಿಂದಿಕ್ಕಿದ, ಮುಂದೆ ನುಗ್ಗಿ ಬಂದ ಗೋಲ್‌ಕೀಪರ್‌ನನ್ನು ಬಳಸಿಕೊಂಡು ಹೋಗಿ ಖಾಲಿ ಬಲೆಗೆ ತಳ್ಳಿದ. 2–1. ಅಲ್ಲಿಗೆ ಮುಗಿಯಿತು. ಆಮೇಲೆ ಆ ಟೋಪಿ ಎಲ್ಲಿ ಹೋಯಿತೋ, ಅಜ್ಜ ನನ್ನ ಹೆಂಡತಿಯನ್ನು ತಬ್ಬಿಕೊಂಡು ಅಳುತ್ತಿದ್ದರು. ಇವಳಿಗೆ ಆಫ್‌ಸೈಡ್ ಎಂದರೇನೆಂದು ಗೊತ್ತಿಲ್ಲ, ಇವಳೂ ಅಳುತ್ತಿದ್ದಳು.

2025ರ ಈ ಡಿಸೆಂಬರಿಗೂ ಕಾಲೇಜ್ ಕಪ್ ಇಲ್ಲಿಯೇ. ಈ ಸಲ ಟಿಕೆಟ್ ತೆಗೆದುಕೊಳ್ಳಲು ನೆನಪಿಸಿದ್ದು ಇವಳೇ. ಇದನ್ನು ನೋಡುವ ಕನ್ನಡಿಗರು ಬೇರೆ ಯಾರಾದರೂ ಇದ್ದೀರಾ, ಅಥವಾ ನಾವಿಬ್ಬರೇನಾ?

ಎಡಗಾಲು

ಇದ್ದೇವೆ ಸ್ವಾಮಿ. ಮಂಗಳೂರಿನಲ್ಲಿ ಬೆಳಗಿನ ಜಾವ ಎದ್ದು, ಮನೆಯವರಿಗೆ ಯೋಗಾಭ್ಯಾಸ ಎಂದು ಸುಳ್ಳು ಹೇಳಿ ನೋಡುವವನು ನಾನೊಬ್ಬನಿದ್ದೇನೆ. ವರ್ಮಾಂಟ್ ಆ ಫೈನಲ್‌ಗಿಂತ ಮೊದಲು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವನ್ನು ಕ್ವಾರ್ಟರ್‌ಫೈನಲ್‌ನಲ್ಲಿ 2–0 ಸೋಲಿಸಿತ್ತು, ಡೆನ್ವರ್ ವಿರುದ್ಧದ ಸೆಮಿಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಪಾರಾಗಿತ್ತು. ಮಾರ್ಷಲ್ ಅಗ್ರ ಶ್ರೇಯಾಂಕದ ಓಹಾಯೊ ಸ್ಟೇಟ್ ತಂಡವನ್ನು 1–0 ಮನೆಗೆ ಕಳುಹಿಸಿತ್ತು. ದೊಡ್ಡವರು ಯಾರೂ ಉಳಿಯದ ಫೈನಲ್ ಅದು. ಈ ಟೂರ್ನಿಯ ಸೊಗಸೇ ಅಷ್ಟು.

ಯುರೋಪ್ ಭಕ್ತ

ರಸಭಂಗ ಮಾಡುತ್ತಿದ್ದೇನೆ, ಕ್ಷಮಿಸಿ. ಗೋಲು ಹೊಡೆದದ್ದು ಜರ್ಮನಿಯ ಹುಡುಗ ಎಂದು ನೀವೇ ಬರೆದಿದ್ದೀರಿ. ಎದುರು ತಂಡ ಮಾರ್ಷಲ್‌ನಲ್ಲಿಯೂ ಬಹುತೇಕ ಹೊರದೇಶದವರೇ. ಜರ್ಮನಿ, ಸ್ಪೇನ್, ಇಂಗ್ಲೆಂಡಿನ ಅಕಾಡೆಮಿಗಳು ಹತ್ತೊಂಬತ್ತಕ್ಕೆ "ನೀನು ಸಾಲದು" ಎಂದು ಕೈಬಿಟ್ಟ ಹುಡುಗರು ಅಮೆರಿಕಕ್ಕೆ ಬಂದು, ಇಪ್ಪತ್ತಮೂರರ ಪ್ರಾಯದಲ್ಲಿ, ಆಗಷ್ಟೇ ಹೈಸ್ಕೂಲ್ ಮುಗಿಸಿದ ಅಲ್ಲಿನ ಮಕ್ಕಳನ್ನು ಸೋಲಿಸುತ್ತಾರೆ. ಅಮೆರಿಕದ ಒಳ್ಳೆಯ ಹುಡುಗರು ಯಾರೂ ಕಾಲೇಜಿಗೆ ಹೋಗುವುದೇ ಇಲ್ಲ. ಅಮೆರಿಕ ತಂಡದ ತಾರೆ ಪುಲಿಸಿಕ್ ಹೋದನೇ? ಹದಿನಾರಕ್ಕೇ ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ ಸೇರಿದ. ಇದು ಯಾವ ದೇಶದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂದು ಯಾರಾದರೂ ಹೇಳಿದರೆ ಉಪಕಾರ.

ಎಡಗಾಲು

ಮ್ಯಾಟ್ ಟರ್ನರ್ ಫೇರ್‌ಫೀಲ್ಡ್ ಎಂಬ ಸಣ್ಣ ವಿಶ್ವವಿದ್ಯಾಲಯದ ಗೋಲ್‌ಕೀಪರ್ ಆಗಿದ್ದ. ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಯಾರೂ ಅವನ ಹೆಸರು ಕರೆಯಲಿಲ್ಲ. 2022ರ ವಿಶ್ವಕಪ್‌ನಲ್ಲಿ ಅಮೆರಿಕದ ಗೋಲು ಕಾದವನು ಅವನೇ, ಅಷ್ಟು ಹೊತ್ತಿಗೆ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಸೇರಿದ್ದ. ಅದೇ ತಂಡದ ರಕ್ಷಣೆಯಲ್ಲಿದ್ದ ಟಿಮ್ ರೀಮ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದವನು. ಅಮೆರಿಕದ ಪರ 57 ಗೋಲು ಹೊಡೆದ ಕ್ಲಿಂಟ್ ಡೆಂಪ್ಸಿ ಫರ್ಮನ್ ಕಾಲೇಜಿನವನು. ಕೆನಡಾದ ಮಾಂಟ್ರಿಯಲ್‌ನ ಮೊಯಿಸ್ ಬೊಂಬಿಟೊ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯಕ್ಕೆ ಆಡಿ, ಕೊಲರಾಡೊದ ವೃತ್ತಿಪರ ತಂಡ ದಾಟಿ, ಫ್ರಾನ್ಸಿನ ನೀಸ್ ತಂಡಕ್ಕೆ ಹೋದ. ಹದಿನೆಂಟಕ್ಕೆ ಮಾಗುವ ಹಣ್ಣೂ ಇದೆ, ಇಪ್ಪತ್ತೆರಡಕ್ಕೆ ಮಾಗುವ ಹಣ್ಣೂ ಇದೆ. ಎರಡನೆಯದಕ್ಕೆ ನಾಲ್ಕು ವರ್ಷ ಆಡಲು ಒಂದು ಜಾಗ ಬೇಕಲ್ಲವೇ?

ಯುರೋಪ್ ಭಕ್ತ

ಹಣ್ಣಿನ ಮಾತು ಚೆನ್ನಾಗಿದೆ. ಆದರೆ ವಿದೇಶಿಗರ ಪ್ರಶ್ನೆಗೆ ಉತ್ತರ ಬರಲಿಲ್ಲ.

ಲೆಕ್ಕಿಗ

ಆ ಪ್ರಶ್ನೆ ನಿಮ್ಮದಲ್ಲ, ಅದಕ್ಕೆ ಅರ್ಧ ಶತಮಾನ ದಾಟಿದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಕಾಫಿ ತಂದುಕೊಳ್ಳಿ.

ವಾಷಿಂಗ್ಟನ್‌ನಲ್ಲಿ ಹೋವರ್ಡ್ ವಿಶ್ವವಿದ್ಯಾಲಯವಿದೆ. ಕಪ್ಪು ಜನರ ಶಿಕ್ಷಣಕ್ಕೆಂದು ಬೆಳೆದ ಸಂಸ್ಥೆ. ಅದರ ಸಾಕರ್ ಕೋಚ್ ಲಿಂಕನ್ ಫಿಲಿಪ್ಸ್ ಟ್ರಿನಿಡಾಡ್‌ನವರು. ತಂಡದ ಹುಡುಗರು ಬಹುತೇಕ ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಓದಲು ಬಂದವರು. 1971ರಲ್ಲಿ ಒಂದೂ ಪಂದ್ಯ ಸೋಲದೆ ಫೈನಲ್‌ಗೆ ಬಂದರು. ಮಯಾಮಿಯ ಆರೆಂಜ್ ಬೌಲ್‌ನಲ್ಲಿ ಸೇಂಟ್ ಲೂಯಿಸ್ ತಂಡವನ್ನು 3–2ರಲ್ಲಿ ಸೋಲಿಸಿದರು. ಆಗಿನ ಕಾಲಕ್ಕೆ ಸೇಂಟ್ ಲೂಯಿಸನ್ನು ಸೋಲಿಸುವುದೆಂದರೆ ಸಣ್ಣ ಮಾತಲ್ಲ: 1959ರಲ್ಲಿ ಟೂರ್ನಿ ಶುರುವಾದಾಗಿನಿಂದ 1973ರವರೆಗೆ ಹದಿನೈದು ಟೂರ್ನಿಗಳಲ್ಲಿ ಹತ್ತು ಪ್ರಶಸ್ತಿ ಅವರವು. ಕಪ್ಪು ವಿಶ್ವವಿದ್ಯಾಲಯವೊಂದು ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಆಮೇಲೆ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ತನಿಖೆಗೆ ಇಳಿಯಿತು. ಕೆಲವು ಆಟಗಾರರು ತಮ್ಮ ದೇಶದಲ್ಲಿ ಹವ್ಯಾಸಿ ಕ್ಲಬ್ಬಿಗೆ ಆಡಿದ್ದ ವರ್ಷಗಳನ್ನು ಅವರ ಆಡುವ ಅವಧಿಯಿಂದ ಕಳೆದು, ಇವರು ಅರ್ಹರಲ್ಲ ಎಂದಿತು. ಪ್ರಶಸ್ತಿ ರದ್ದಾಯಿತು. ಹೋವರ್ಡ್ ನ್ಯಾಯಾಲಯಕ್ಕೆ ಹೋಯಿತು. ವಿದೇಶಿ ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯಿಸುತ್ತಿದ್ದ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಧೀಶರು ಹೇಳಿದರು. ಆದರೂ 1971ರ ಪ್ರಶಸ್ತಿ ಮರಳಿ ಬರಲಿಲ್ಲ.

ಹಾಗಾದರೆ ಇನ್ನೊಂದು ಗೆಲ್ಲುತ್ತೇವೆ ಎಂದು 1974ರಲ್ಲಿ ಮತ್ತೆ ಬಂದರು. ಆ ವರ್ಷ ಹತ್ತೊಂಬತ್ತಕ್ಕೆ ಹತ್ತೊಂಬತ್ತು ಪಂದ್ಯ ಗೆದ್ದರು. ಫೈನಲ್‌ನಲ್ಲಿ ಎದುರಾಳಿ ಮತ್ತೆ ಅದೇ ಸೇಂಟ್ ಲೂಯಿಸ್. ಮೈದಾನವೂ ಅವರ ಊರಿನದೇ, ಬುಷ್ ಸ್ಟೇಡಿಯಂ. ನಾಲ್ಕು ಹೆಚ್ಚುವರಿ ಅವಧಿಗಳಾದ ಮೇಲೆ 2–1. ಈ ಸಲ ಕಿತ್ತುಕೊಳ್ಳಲು ಯಾರಿಗೂ ಆಗಲಿಲ್ಲ. "ಇದು ಯಾವ ದೇಶದ ಚಾಂಪಿಯನ್‌ಷಿಪ್" ಎಂಬ ಪ್ರಶ್ನೆಗೆ ನನಗೆ ತಿಳಿದ ಒಳ್ಳೆಯ ಉತ್ತರ ಇದು.

ಸೇಂಟ್ ಲೂಯಿಸ್ ವಾಸಿ

ನಮ್ಮೂರನ್ನು ಎರಡು ಸಲ ಸೋಲಿಸಿ ಕೂರಿಸಿದಿರಿ, ಇನ್ನು ನಾನು ಬಾಯಿ ಬಿಡಲೇಬೇಕು.

ಇಲ್ಲಿಗೆ ಬಂದು ಏಳು ವರ್ಷವಾಯಿತು. ಅಮೆರಿಕದಲ್ಲಿ ಸಾಕರ್ ಹೊಸ ಆಟ ಎನ್ನುವವರು ಈ ಊರಿನ ಹಳಬರ ಬಳಿ ಮಾತನಾಡಬೇಕು. ಇಲ್ಲಿ ಒಂದೊಂದು ಕ್ಯಾಥೊಲಿಕ್ ಚರ್ಚಿಗೂ ಒಂದೊಂದು ತಂಡವಿತ್ತು, ನಮ್ಮಲ್ಲಿ ಊರಿಗೊಂದು ಯುವಕ ಸಂಘ ಇದ್ದ ಹಾಗೆ. 1950ರ ವಿಶ್ವಕಪ್‌ನಲ್ಲಿ, ಬ್ರೆಜಿಲಿನ ಬೆಲೊ ಒರಿಜೊಂಟೆಯಲ್ಲಿ ಅಮೆರಿಕ ಇಂಗ್ಲೆಂಡನ್ನು 1–0 ಸೋಲಿಸಿತಲ್ಲ, ಆ ಹನ್ನೊಂದು ಮಂದಿಯಲ್ಲಿ ಐವರು ಈ ಊರಿನವರು. ಅವರಲ್ಲೊಬ್ಬರು ಹ್ಯಾರಿ ಕೀಯೊ. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವರು. ಅವರೇ ಮುಂದೆ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಕೋಚ್ ಆಗಿ ಐದು ರಾಷ್ಟ್ರೀಯ ಪ್ರಶಸ್ತಿ ತಂದರು. ಅವರಿಗಿಂತ ಮೊದಲಿನ ಐದು ಬಾಬ್ ಗೆಲ್ಕರ್ ಅವರದು. ಬಹುಪಾಲು ಊರಿನ ಮಕ್ಕಳನ್ನೇ ಕಟ್ಟಿಕೊಂಡು ಗೆದ್ದರು. 1973ರಿಂದೀಚೆಗೆ ಒಂದೂ ಇಲ್ಲ. ಆದರೂ ಹತ್ತು ಎಂಬುದು ಇವತ್ತಿಗೂ ದಾಖಲೆ, ಯಾರೂ ಮುಟ್ಟಿಲ್ಲ.

ನನ್ನ ಪಕ್ಕದ ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ. ಹೋವರ್ಡ್ ಫೈನಲ್‌ನ ಬಗ್ಗೆ ಕೇಳಿದೆ. "ಅವರು ನಮಗಿಂತ ಚೆನ್ನಾಗಿ ಆಡಿದರು" ಎಂದಷ್ಟೇ ಹೇಳಿ ಹುಲ್ಲು ಕತ್ತರಿಸಲು ಹೋದರು. ಐವತ್ತು ವರ್ಷವಾದರೂ ನೋವು ಆರಿಲ್ಲ ಎನ್ನಿಸಿತು.

ಬ್ಲೂಮಿಂಗ್ಟನ್ ಹಳೆ ವಿದ್ಯಾರ್ಥಿ

ಹತ್ತನ್ನು ನಾವು ಮುಟ್ಟಬೇಕಿತ್ತು. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಎಂಟು ಪ್ರಶಸ್ತಿ: 1982, 83, 88, 98, 99, 2003, 2004, 2012. ಅದಾದ ಮೇಲೆ 2017ರಲ್ಲಿ ಫೈನಲ್ ಸೋಲು, 2020ರ ಟೂರ್ನಿಯಲ್ಲಿ ಫೈನಲ್ ಸೋಲು, 2022ರಲ್ಲಿ ಫೈನಲ್ ಸೋಲು. ಮೂರೂ ಒಂದೊಂದು ಬಗೆಯ ಕೊಲೆ. ಸ್ಟ್ಯಾನ್‌ಫರ್ಡ್ ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆಯಿತು. ಕೋವಿಡ್‌ನಿಂದಾಗಿ 2021ರ ಮೇ ತಿಂಗಳಿಗೆ ಮುಂದೆ ಹೋದ ಫೈನಲ್‌ನಲ್ಲಿ, ಅದೂ ಕೇರಿಯಲ್ಲಿಯೇ, ಇದೇ ಮಾರ್ಷಲ್‌ನ ಜಮಿಲ್ ರಾಬರ್ಟ್ಸ್ ಹೆಚ್ಚುವರಿ ಸಮಯದಲ್ಲಿ ಮುಗಿಸಿದ. ಸಿರಕ್ಯೂಸ್ ವಿರುದ್ಧ 2–2, ಪೆನಾಲ್ಟಿಯಲ್ಲಿ 7–6. ಕೇರಿಯವರೇ, ಇವುಗಳಲ್ಲಿ ಎರಡು ನಿಮ್ಮೂರಿನ ಪಾಪ. ನಿಮ್ಮ ಊರಿಗೆ ನಾನು ಬರುವುದಿಲ್ಲ.

ಕೇರಿಯವನು

ಸಿರಕ್ಯೂಸ್ ಪಂದ್ಯಕ್ಕೆ ನಾನು ಇದ್ದೆ. ಏಳನೆಯ ಪೆನಾಲ್ಟಿಗೆ ಬರುವ ಹೊತ್ತಿಗೆ ಯಾವ ತಂಡವೆಂಬುದೇ ಮರೆತು, ಒದೆಯಲು ಬರುವ ಪ್ರತಿ ಹುಡುಗನಿಗೂ ಒಳ್ಳೆಯದಾಗಲಿ ಎಂದು ಹರಸುತ್ತಿದ್ದೆ. ಪಾಪ ನನ್ನದಲ್ಲ.

ಬ್ಲೂಮಿಂಗ್ಟನ್ ಹಳೆ ವಿದ್ಯಾರ್ಥಿ

ಒಂದು ವಿಷಯ ಹೇಳಬೇಕಿತ್ತು. ಜೆರ್ರಿ ಯೀಗ್ಲಿ 1963ರಲ್ಲಿ ಇಂಡಿಯಾನಾಕ್ಕೆ ಬಂದಾಗ ಅಲ್ಲಿದ್ದದ್ದು ವಿದ್ಯಾರ್ಥಿಗಳ ಒಂದು ಕ್ಲಬ್ ಮಾತ್ರ. ವಿಶ್ವವಿದ್ಯಾಲಯದ ಅಧಿಕೃತ ತಂಡವೆಂದು ಮನ್ನಣೆ ಸಿಗಲು ಹತ್ತು ವರ್ಷ ಕಾಯಬೇಕಾಯಿತು. ಆ ಮನುಷ್ಯ ಆರು ಪ್ರಶಸ್ತಿ ಗೆದ್ದರು, ಆರನೆಯದು ನಿವೃತ್ತಿಯ ವರ್ಷದಲ್ಲಿ. 2012ರ ಪ್ರಶಸ್ತಿ ಮಗ ಟಾಡ್ ಯೀಗ್ಲಿ ಕೋಚ್ ಆಗಿದ್ದಾಗ ಬಂದದ್ದು. ನಮ್ಮಲ್ಲಿ ಸಂಗೀತದ ಮನೆತನ ಎನ್ನುತ್ತೇವಲ್ಲ, ಆ ರೀತಿ.

ವರ್ಜೀನಿಯಾದವರು ಬಂದು 1991ರಿಂದ 94ರವರೆಗೆ ಸತತ ನಾಲ್ಕು ಗೆದ್ದೆವು ಎಂದು ಎದೆ ತಟ್ಟಿಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಹೌದು, ಆಗಿನ ಅವರ ಕೋಚ್ ಬ್ರೂಸ್ ಅರೀನಾ ದೊಡ್ಡ ಕೋಚ್. 2002ರ ವಿಶ್ವಕಪ್‌ನಲ್ಲಿ ಅಮೆರಿಕವನ್ನು ಕ್ವಾರ್ಟರ್‌ಫೈನಲ್‌ವರೆಗೆ ಕರೆದೊಯ್ದವರೂ ಅವರೇ. ಆಯಿತೇ?

ಪಿ.ಟಿ. ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತೆರಡು ವರ್ಷ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು, ಜೊತೆಗೆ ಜಿಲ್ಲಾ ಮಟ್ಟದ ರೆಫರಿ. ಮಗಳ ಮನೆಗೆಂದು ಬಾಸ್ಟನ್‌ಗೆ ಬಂದಾಗ ಅಳಿಯಂದಿರು ಒಂದು ಕಾಲೇಜು ಪಂದ್ಯಕ್ಕೆ ಕರೆದುಕೊಂಡು ಹೋದರು. ಮೊದಲ ಹತ್ತು ನಿಮಿಷದಲ್ಲಿಯೇ ನನಗೆ ತಲೆ ಸುತ್ತಿತು.

ಮೊದಲನೆಯದು, ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ನಲವತ್ತೈದರಿಂದ ಸೊನ್ನೆಗೆ. ಗೋಲಾದರೆ ನಿಲ್ಲುತ್ತದೆ, ಕಾರ್ಡ್ ತೋರಿಸಿದರೆ ನಿಲ್ಲುತ್ತದೆ. ಕೊನೆಯ ಹತ್ತು ಸೆಕೆಂಡನ್ನು ಮೈಕಿನಲ್ಲಿ ಎಣಿಸುತ್ತಾರೆ, ರಾಕೆಟ್ ಹಾರಿಸುವವರ ಹಾಗೆ. ರೆಫರಿಯ ಕೈಗಡಿಯಾರದಲ್ಲಿ ಇನ್ನೆಷ್ಟು ಉಳಿದಿದೆಯೋ ಎಂದು ಇಡೀ ಮೈದಾನ ಉಸಿರು ಹಿಡಿದು ಕಾಯುವ ಆ ಅನಿಶ್ಚಯ ಇದೆಯಲ್ಲ, ಅದನ್ನೇ ತೆಗೆದುಬಿಟ್ಟಿದ್ದಾರೆ. ಎರಡನೆಯದು, ಬದಲಿ ಆಟಗಾರರು. ಐದು ಬದಲಾವಣೆಯ ಲೆಕ್ಕ ಇಲ್ಲಿ ಇಲ್ಲ. ಮೊದಲಾರ್ಧದಲ್ಲಿ ಹೊರಹೋದವನು ಆ ಅರ್ಧ ಮುಗಿಯುವವರೆಗೆ ಮರಳುವಂತಿಲ್ಲ, ಆದರೆ ದ್ವಿತೀಯಾರ್ಧದಲ್ಲಿ ಹೋದವನು ಒಮ್ಮೆ ಮರಳಿ ಬರಬಹುದು. ಹಾಗಾಗಿ ಕೋಚ್ ಮೂರು ಮೂರು ಜನರನ್ನು ಒಟ್ಟಿಗೆ ಎಬ್ಬಿಸಿ ಕಳುಹಿಸುತ್ತಾರೆ. ಎಲ್ಲರ ಕಾಲಿನಲ್ಲಿಯೂ ಯಾವಾಗಲೂ ಹೊಸ ಕಸುವು. ಎದುರಾಳಿಗೆ ಚೆಂಡು ಹಿಡಿದು ತಲೆಯೆತ್ತಿ ನೋಡಲು ಸಮಯವೇ ಇಲ್ಲ. ದಣಿವೂ ಈ ಆಟದ ಒಂದು ಅಂಗ ಎಂದು ನಾನು ಪಾಠ ಮಾಡಿದವನು. ದಣಿದವನ ಬುದ್ಧಿ ಹೇಗೆ ಓಡುತ್ತದೆ ಎಂಬುದರ ಮೇಲೆಯೇ ಅಲ್ಲವೇ ಕೊನೆಯ ಇಪ್ಪತ್ತು ನಿಮಿಷ ನಿಂತಿರುವುದು?

ಆದರೆ ಒಂದು ವಿಷಯಕ್ಕೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದಿಲ್ಲ. ನಮ್ಮ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹುಡುಗರನ್ನು ಕರೆದುಕೊಂಡು ಕ್ಯಾಲಿಕಟ್‌ಗೆ ಹೋಗಿದ್ದೆ. ರಿಸರ್ವೇಷನ್ ಇಲ್ಲದ ಬೋಗಿ. ಉಳಿದುಕೊಳ್ಳಲು ತರಗತಿಯ ಕೋಣೆ, ಬೆಂಚುಗಳನ್ನು ಜೋಡಿಸಿ ಮಲಗುವುದು. ಬೆಳಿಗ್ಗೆ ಏಳಕ್ಕೆ ಪಂದ್ಯ. ನೋಡಲು ಇದ್ದವರು ಇಬ್ಬರು ಕಾವಲುಗಾರರು ಮತ್ತು ಒಂದು ಹಸು. ಕ್ಯಾಲಿಕಟ್ ವಿಶ್ವವಿದ್ಯಾಲಯದ ಹುಡುಗರು ನಮ್ಮನ್ನು ಐದು ಗೋಲಿನಿಂದ ಸೋಲಿಸಿದರು, ಅದು ಬೇರೆ ಮಾತು. ಇಲ್ಲಿ ಒಂದು ಸಾಧಾರಣ ಲೀಗ್ ಪಂದ್ಯಕ್ಕೆ ಫಿಸಿಯೊ, ವಿಡಿಯೊ ತೆಗೆಯುವವರು, ಚೆಂಡು ಎತ್ತಿಕೊಡಲು ಎಂಟು ಮಕ್ಕಳು!

ಲೆಕ್ಕಿಗ

ಮೇಷ್ಟ್ರೇ, ದಣಿವಿನ ಮಾತು ಬಂದದ್ದರಿಂದ ಹೇಳುತ್ತೇನೆ. 1985ರ ಫೈನಲ್ ಸಿಯಾಟಲ್‌ನ ಕಿಂಗ್‌ಡೋಮ್ ಒಳಾಂಗಣದಲ್ಲಿ ನಡೆಯಿತು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಮತ್ತು ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿ. ತೊಂಬತ್ತು ನಿಮಿಷಕ್ಕೆ 0–0. ಹೆಚ್ಚುವರಿ ಅವಧಿ ಒಂದು, ಎರಡು, ಮೂರು ಎಂದು ಎಂಟರವರೆಗೆ ಹೋಯಿತು. 166 ನಿಮಿಷ ಕಳೆದ ಮೇಲೆ ಯುಸಿಎಲ್‌ಎಗೆ ಒಂದು ಗೋಲು ಸಿಕ್ಕಿತು. ಬದಲಿ ಆಟಗಾರರ ನಿಯಮ ಸಡಿಲವಾಗಿದ್ದರೂ ಕೊನೆಗೆ ಅವರು ಓಡುತ್ತಿದ್ದರೋ ತೆವಳುತ್ತಿದ್ದರೋ ದೇವರೇ ಬಲ್ಲ.

ಪಿ.ಟಿ. ಮೇಷ್ಟ್ರು

ರೆಫರಿಯನ್ನು ಯಾರಾದರೂ ವಿಚಾರಿಸಿಕೊಂಡರೇ? ಅವನಿಗೆ ಬದಲಿ ಇರಲಿಲ್ಲ.

ಲೆಕ್ಕಿಗ

ಯಾವ ವರದಿಯೂ ರೆಫರಿಯ ಕಾಲಿನ ಬಗ್ಗೆ ಬರೆಯುವುದಿಲ್ಲ, ನಿಮಗೇ ಗೊತ್ತು.

ಇನ್ನೊಂದು ವಿಚಿತ್ರವೆಂದರೆ ಹಂಚಿಕೊಂಡ ಪ್ರಶಸ್ತಿಗಳು. 1967ರಲ್ಲಿ ಸೇಂಟ್ ಲೂಯಿಸ್ ಮತ್ತು ಮಿಷಿಗನ್ ಸ್ಟೇಟ್ ನಡುವಿನ ಫೈನಲ್ 0–0 ಇರುವಾಗ ಕೆಟ್ಟ ಹವೆಯಿಂದ ನಿಂತಿತು. ಇಬ್ಬರೂ ಚಾಂಪಿಯನ್. ಮರುವರ್ಷ ಮಿಷಿಗನ್ ಸ್ಟೇಟ್ ಮತ್ತು ಮೇರಿಲ್ಯಾಂಡ್ 2–2. ಮತ್ತೆ ಇಬ್ಬರೂ ಚಾಂಪಿಯನ್. ಎರಡು ವರ್ಷ ಫೈನಲ್ ಗೆಲ್ಲದೆ ಎರಡು ಪ್ರಶಸ್ತಿ ಪಡೆದ ಮಿಷಿಗನ್ ಸ್ಟೇಟ್‌ನ ಅದೃಷ್ಟ ನಮಗೂ ಬರಲಿ. 1989ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ಮೈದಾನದಲ್ಲಿ ಎಲುಬು ಕೊರೆಯುವ ಚಳಿ. ವರ್ಜೀನಿಯಾ ಮತ್ತು ಸಾಂಟಾ ಕ್ಲಾರಾ 1–1. ನಾಲ್ಕು ಹೆಚ್ಚುವರಿ ಅವಧಿಗಳಾದ ಮೇಲೂ ತೀರ್ಮಾನವಾಗದೆ ಕಪ್ ಹಂಚಿದರು. ವರ್ಜೀನಿಯಾದ ಗೋಲಿನಲ್ಲಿ ನಿಂತಿದ್ದವನು ಟೋನಿ ಮಿಯೋಲಾ, ಮರುವರ್ಷ ಇಟಲಿಯ ವಿಶ್ವಕಪ್‌ನಲ್ಲಿ ಅಮೆರಿಕದ ಗೋಲ್‌ಕೀಪರ್. 1990ರ ಫೈನಲ್ ತೀರ್ಮಾನವಾದದ್ದು ಪೆನಾಲ್ಟಿಯಲ್ಲಿ. ಅಲ್ಲಿಂದೀಚೆಗೆ ಹಂಚಿಕೆ ಇಲ್ಲ.

ಗೋಲ್‌ಕೀಪರ್ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಹೊಸಬಳು, ಆಟದ ವಿಚಾರವೂ ಅಷ್ಟಾಗಿ ತಿಳಿಯದು. ಮಗ ಗೋಲ್‌ಕೀಪರ್. ಬೆಂಗಳೂರಿನಲ್ಲಿ ಒಂದು ಕ್ಲಬ್ಬಿಗೆ ಆಡುತ್ತಾನೆ, ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಒಂದು ಏಜೆನ್ಸಿಯವರು ಮನೆಗೇ ಬಂದಿದ್ದರು. ಅಮೆರಿಕದ ಮೊದಲ ಡಿವಿಷನ್, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ, ಕಾಲೇಜಿನಲ್ಲಿ ಪೂರ್ತಿ ವಿದ್ಯಾರ್ಥಿವೇತನ ಖಚಿತ ಎನ್ನುತ್ತಾರೆ. ನಾಲ್ಕು ಲಕ್ಷ ರೂಪಾಯಿ ಕಟ್ಟಬೇಕು, ಎರಡು ಲಕ್ಷ ಮುಂಗಡ, ಈ ತಿಂಗಳೊಳಗೆ. ಇವನ ವಿಡಿಯೊ ನೋಡಿ ಮೂರು ಕೋಚ್‌ಗಳು ಆಸಕ್ತಿ ತೋರಿಸಿದ್ದಾರಂತೆ. ಹೆಸರು ಕೇಳಿದರೆ ಹಣ ಕಟ್ಟಿದ ಮೇಲೆ ಹೇಳುತ್ತೇವೆ ಎನ್ನುತ್ತಾರೆ. ಅವನ ತಂದೆ ಚಿನ್ನ ಅಡವಿಡೋಣ ಎನ್ನುತ್ತಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಗೊತ್ತಿರುವವರು ಹೇಳಿ.

ಎಡಗಾಲು

ಅಕ್ಕಾ, ಕಟ್ಟಬೇಡಿ. ಕೋಚ್ ಹೆಸರು ಹೇಳಲು ಹಣ ಕೇಳುವವರ ಬಳಿ ಕೋಚ್ ಇರುವುದಿಲ್ಲ.

ಬ್ಲೂಮಿಂಗ್ಟನ್ ಹಳೆ ವಿದ್ಯಾರ್ಥಿ

ಅಮ್ಮಾ, ಇಂಡಿಯಾನಾದಲ್ಲಿ ಓದುವಾಗ ನನ್ನ ಕೋಣೆಯ ಜೊತೆಗಾರ ಸಾಕರ್ ತಂಡದಲ್ಲಿದ್ದ. ಅವನಿಂದ ತಿಳಿದದ್ದನ್ನೂ ಆಮೇಲೆ ಓದಿದ್ದನ್ನೂ ಹೇಳುತ್ತೇನೆ.

"ಪೂರ್ತಿ ವಿದ್ಯಾರ್ಥಿವೇತನ ಖಚಿತ" ಎಂಬುದೇ ಅನುಮಾನದ ಮಾತು. ಇತ್ತೀಚಿನವರೆಗೂ ಮೊದಲ ಡಿವಿಷನ್‌ನ ಪುರುಷರ ಸಾಕರ್ ತಂಡವೊಂದು ಕೊಡಬಹುದಾಗಿದ್ದದ್ದು ಒಟ್ಟು 9.9 ವಿದ್ಯಾರ್ಥಿವೇತನ ಮಾತ್ರ. ತಂಡದಲ್ಲಿ ಇಪ್ಪತ್ತೈದು ಮೂವತ್ತು ಹುಡುಗರು. ಒಂದು ಕೊಬ್ಬರಿ ಮಿಠಾಯಿಯನ್ನು ತರಗತಿಗೆಲ್ಲ ಹಂಚಿದಂತೆ ಕೋಚ್ ಅದನ್ನು ಚೂರು ಚೂರು ಮಾಡುತ್ತಿದ್ದರು: ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಕಾಲು, ಮತ್ತೊಬ್ಬನಿಗೆ ಪುಸ್ತಕದ ಹಣ. ನನ್ನ ಗೆಳೆಯನಿಗೆ ಸಿಗುತ್ತಿದ್ದದ್ದು ಮೂರನೆಯ ಒಂದು ಭಾಗ, ಉಳಿದದ್ದು ಅವನಪ್ಪ ಕಟ್ಟುತ್ತಿದ್ದರು. 2025ರಲ್ಲಿ ನ್ಯಾಯಾಲಯದ ದೊಡ್ಡ ಒಪ್ಪಂದವೊಂದರ ನಂತರ ಲೆಕ್ಕ ಬದಲಾಗಿದೆ. ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿವೇತನದ ಮಿತಿ ಇಲ್ಲ, ಆದರೆ ತಂಡದಲ್ಲಿ 28 ಜನರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮಿತಿ ಹೋಯಿತು ಎಂದರೆ ಹಣ ಬಂತು ಎಂದಲ್ಲ. ಹಣ ಹೋಗುವುದು ಮೊದಲು ಅವರ ಅಮೆರಿಕನ್ ಫುಟ್‌ಬಾಲ್‌ಗೆ, ಆಮೇಲೆ ಬ್ಯಾಸ್ಕೆಟ್‌ಬಾಲ್‌ಗೆ.

ಮೂರನೆಯ ಡಿವಿಷನ್‌ನಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವೇ ಇಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಮುಂತಾದ ಐವಿ ಲೀಗ್‌ನವರು ಮೊದಲ ಡಿವಿಷನ್‌ನಲ್ಲಿದ್ದರೂ ಆಟಕ್ಕೆ ಕೊಡುವುದಿಲ್ಲ. ಆದರೆ ಇಂಥ ಅನೇಕ ಕಡೆ ಓದಿನ ಮೇಲೆ, ಮನೆಯ ಆರ್ಥಿಕ ಸ್ಥಿತಿಯ ಮೇಲೆ ನೆರವು ಸಿಗುತ್ತದೆ. ಅದು ಕೆಲವೊಮ್ಮೆ ಆಟದ ಹಣಕ್ಕಿಂತ ದೊಡ್ಡದು. ಹಾಗಾಗಿ ಪಿಯುಸಿ ಅಂಕ ಮುಖ್ಯ. ಗೋಲ್‌ಕೀಪರ್‌ಗೆ ಇನ್ನೂ ಮುಖ್ಯ, ಏಕೆಂದರೆ ಒಂದು ತಂಡಕ್ಕೆ ಆಡುವ ಗೋಲ್‌ಕೀಪರ್ ಒಬ್ಬನೇ. ಮೂವರು ಬೆಂಚಿನಲ್ಲಿ ಕೂತು ಪದವಿ ಮುಗಿಸುತ್ತಾರೆ.

ಲೆಕ್ಕಿಗ

ಇದಕ್ಕೆ ಎರಡು ಸೇರಿಸುತ್ತೇನೆ.

ಮಗನಿಗೆ ಯಾವ ಕ್ಲಬ್ಬಿನಿಂದಲಾದರೂ ಸಂಬಳದಂತೆ ಹಣ ಬಂದಿದ್ದರೆ, ಕರಾರಿಗೆ ಸಹಿ ಹಾಕಿದ್ದರೆ, ಅದನ್ನು ಮುಚ್ಚಿಡಬೇಡಿ. ಎನ್‌ಸಿಎಎಯ ಅರ್ಹತಾ ಕೇಂದ್ರ ಎಲ್ಲವನ್ನೂ ಕೇಳುತ್ತದೆ. ಅಲ್ಲಿ ನೀವೇ ನೇರವಾಗಿ ನೋಂದಾಯಿಸಬಹುದು, ಶುಲ್ಕ ನಾಲ್ಕು ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಪಿಯುಸಿ ಮುಗಿಸಿ ಎರಡು ಮೂರು ವರ್ಷ ಕ್ಲಬ್ಬಿಗೆ ಆಡಿಕೊಂಡು ಆಮೇಲೆ ಹೋಗುತ್ತೇನೆ ಎಂದರೆ ಆಡುವ ವರ್ಷಗಳು ಕರಗುವ ಸಾಧ್ಯತೆ ಇದೆ. ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ್ದನ್ನೇ ನೋಡಿ.

ಇನ್ನೊಂದು, ಈಗ ಅಲ್ಲಿನ ಕಾಲೇಜು ಆಟಗಾರರು ಜಾಹೀರಾತಿನಿಂದ ಲಕ್ಷ ಲಕ್ಷ ಗಳಿಸುತ್ತಾರೆ ಎಂದು ಏಜೆನ್ಸಿಯವರು ಹೇಳಿರಬಹುದು. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಅಲ್ಲಿ ಹಾಗೆ ದುಡಿಯುವುದು ತೊಡಕಿನ ವಿಷಯ. ವೀಸಾವನ್ನೇ ಕಳೆದುಕೊಳ್ಳಬಹುದು.

ಗೋಲ್‌ಕೀಪರ್ ತಾಯಿ

ಹೇಳಿದ್ದಾರೆ! ಜಾಹೀರಾತಿನ ಹಣದಲ್ಲಿಯೇ ಅವರ ಉಳಿದ ಎರಡು ಲಕ್ಷ ತೀರಿಸಬಹುದು ಎಂದರು.

ಯುರೋಪ್ ಭಕ್ತ

ಅಮ್ಮಾ, ಈ ಚರ್ಚೆಯಲ್ಲಿ ನಾನು ಎಲ್ಲರ ವಿರುದ್ಧ ಇದ್ದೇನೆ, ಆದರೆ ಇದರಲ್ಲಿ ಎಲ್ಲರ ಜೊತೆಗಿದ್ದೇನೆ. ಅವರನ್ನು ಮನೆಯೊಳಗೆ ಸೇರಿಸಬೇಡಿ.

ಎಡಗಾಲು

ಹುಡುಕುವಾಗ ಒಂದು ಅಚ್ಚರಿ ಕಾಣುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಹೆಸರು ಕೇಳಿರುವ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಕಡೆ ಪುರುಷರ ಸಾಕರ್ ತಂಡವೇ ಇಲ್ಲ. ಟೆಕ್ಸಸ್, ಫ್ಲೋರಿಡಾ, ಜಾರ್ಜಿಯಾ, ಅಲಬಾಮಾ ಎಲ್ಲಿಯೂ ಇಲ್ಲ. 1972ರ ಕಾನೂನೊಂದು ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆಂದಿತು. ನ್ಯಾಯವಾದ ಕಾನೂನು. ಆದರೆ ಅಮೆರಿಕನ್ ಫುಟ್‌ಬಾಲ್ ತಂಡವೊಂದೇ 85 ವಿದ್ಯಾರ್ಥಿವೇತನ ನುಂಗುತ್ತಿತ್ತು. ಆ ಆನೆಯನ್ನು ಕದಲಿಸಲು ಯಾರಿಗೂ ಧೈರ್ಯವಿಲ್ಲ. ತಕ್ಕಡಿ ಸರಿದೂಗಿಸಲು ಗಂಡುಮಕ್ಕಳ ಸಣ್ಣ ಆಟಗಳನ್ನು ಕೈಬಿಟ್ಟರು, ಅಥವಾ ಶುರುವೇ ಮಾಡಲಿಲ್ಲ. ಹೆಣ್ಣುಮಕ್ಕಳ ಸಾಕರ್‌ಗೆ 14, ಗಂಡುಮಕ್ಕಳದ್ದಕ್ಕೆ 9.9 ಎಂಬ ಲೆಕ್ಕವೂ ಅಲ್ಲಿಂದಲೇ ಬಂದದ್ದು. ತಮಾಷೆಯೆಂದರೆ 2011 ಮತ್ತು 2012ರ ಫೈನಲ್‌ಗಳು ನಡೆದದ್ದು ಅಲಬಾಮಾದ ಹೂವರ್ ಎಂಬ ಊರಿನಲ್ಲಿ.

ಹೀಗಾಗಿಯೇ ವರ್ಮಾಂಟ್, ಮಾರ್ಷಲ್, ಡೆನ್ವರ್, ಆಕ್ರಾನ್ ಮುಂತಾದವರಿಗೆ ಬಾಗಿಲು ತೆರೆದಿರುವುದು. ದೊಡ್ಡ ಮನೆಯವರು ಊಟಕ್ಕೆ ಬಾರದ ಪಂಕ್ತಿಯಲ್ಲಿ ಸಣ್ಣವರಿಗೂ ಹೋಳಿಗೆ ಸಿಗುತ್ತದೆ.

ಕೇರಿಯವನು

ಅಕ್ಕಾ, ನಾನು ಇಲ್ಲಿಯೇ ಇರುವುದರಿಂದ ಒಂದು ಸಣ್ಣ ಸಲಹೆ. ಕಾಲೇಜುಗಳ ಜಾಲತಾಣದಲ್ಲಿ ತರಬೇತಿ ಸಿಬ್ಬಂದಿಯ ಇಮೇಲ್ ವಿಳಾಸ ಬಹಿರಂಗವಾಗಿರುತ್ತದೆ. ಗೋಲ್‌ಕೀಪರ್‌ಗಳಿಗೆಂದೇ ಸಹಾಯಕ ಕೋಚ್ ಬಹಳ ಕಡೆ ಇರುತ್ತಾರೆ. ಮಗನೇ ತನ್ನ ಕೈಯಾರೆ ಬರೆಯಲಿ, ತಂದೆ ತಾಯಿ ಬರೆದರೆ ಅವರಿಗೆ ಹಿಡಿಸುವುದಿಲ್ಲ. ಮೂರು ನಿಮಿಷದ ವಿಡಿಯೊ ಸಾಕು. ಹಾರಿ ಹಿಡಿದದ್ದನ್ನು ಮಾತ್ರ ಹಾಕದೆ, ಕಾಲಿನಲ್ಲಿ ಚೆಂಡು ಹಂಚುವುದನ್ನೂ, ಒಂದೆರಡು ತಪ್ಪನ್ನೂ ಹಾಕಿ ಎಂದು ನಮ್ಮ ನೆರೆಯ ಕೋಚ್ ಒಬ್ಬರು ಹೇಳುತ್ತಿದ್ದರು. ಋತು ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ. ಹೆಚ್ಚು ಕಡಿಮೆ ಮೂರು ತಿಂಗಳಿನಲ್ಲಿ ಹದಿನೆಂಟು ಇಪ್ಪತ್ತು ಪಂದ್ಯ ತುರುಕುತ್ತಾರೆ, ಆಗ ಉತ್ತರ ಬಾರದಿದ್ದರೆ ಬೇಸರಪಡಬೇಡಿ. ಈ ಗಡಿಬಿಡಿಯನ್ನು ಬಿಟ್ಟು ವರ್ಷವಿಡೀ ಹರಡಿ ಎಂದು ಮೇರಿಲ್ಯಾಂಡ್‌ನ ಸಾಶೊ ಚಿರೋವ್ಸ್ಕಿಯಂಥ ಹಿರಿಯ ಕೋಚ್‌ಗಳು ಎಷ್ಟೋ ವರ್ಷದಿಂದ ಗೋಗರೆಯುತ್ತಿದ್ದಾರೆ.

ಯುರೋಪ್ ಭಕ್ತ

ಅದು ನಾನು ಒಪ್ಪುವ ಬೇಡಿಕೆ. ವಾರಕ್ಕೆ ಎರಡು ಪಂದ್ಯ, ನಡುವೆ ಪರೀಕ್ಷೆ, ಬಸ್ ಪ್ರಯಾಣ. ಹೊಸತೇನನ್ನಾದರೂ ಕಲಿಸಲು ಕೋಚ್‌ಗೆ ಸಮಯ ಎಲ್ಲಿದೆ? ಇಪ್ಪತ್ತೆರಡಕ್ಕೆ ಮಾಗುವ ಹಣ್ಣು ಎಂದಿರಿ. ಬಿಸಿಲು ಬೀಳುವುದು ಮೂರೇ ತಿಂಗಳು.

ಹೋವರ್ಡ್ ಕಥೆ ನನಗೆ ಗೊತ್ತಿರಲಿಲ್ಲ. ಅದನ್ನು ಓದಿದ ಮೇಲೆ ನನ್ನ ಮೊದಲ ಪ್ರಶ್ನೆಯನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಇನ್ನರ್ಧ ಹಾಗೆಯೇ ಇರಲಿ.

ನಿರ್ವಾಹಕ

ಟಿಕೆಟ್ ಕೊಡುವ ಕೊಳ್ಳುವ ಮಾತು ಖಾಸಗಿ ಸಂದೇಶದಲ್ಲಿ ಇರಲಿ. ಏಜೆನ್ಸಿಯ ಹೆಸರು ಇಲ್ಲಿ ಹಾಕಬೇಡಿ.

ಬ್ಲೂಮಿಂಗ್ಟನ್ ಹಳೆ ವಿದ್ಯಾರ್ಥಿ

ಕೇರಿಯವರೇ, ಇಂಡಿಯಾನಾ ಈ ಸಲ ಕೊನೆಯ ನಾಲ್ಕರಲ್ಲಿ ಬಂದರೆ ನಿಮ್ಮ ಮನೆಯಲ್ಲಿ ಒಂದು ರಾತ್ರಿ ಜಾಗ ಸಿಗುತ್ತದೆಯೇ? ಬರುವುದಿಲ್ಲ ಎಂದದ್ದು ನಿಜ.

ಕೇರಿಯವನು

ಬನ್ನಿ. ಸೋತರೆ ಮಾರನೆಯ ದಿನ ಬೆಳಿಗ್ಗೆ ಬಿಸಿಬೇಳೆ ಭಾತ್ ಮಾಡಿಕೊಡುತ್ತೇವೆ. ಗೆದ್ದರೆ ನೀವೇ ಮಾಡಬೇಕು.

ಗೋಲ್‌ಕೀಪರ್ ತಾಯಿ

ಹತ್ತು ದಿನವಾಯಿತು, ಹೇಳದೆ ಇರಬಾರದೆಂದು ಬರೆಯುತ್ತಿದ್ದೇನೆ. ಹಣ ಕಟ್ಟಲಿಲ್ಲ. ಏಜೆನ್ಸಿಯವರು ಎರಡು ಸಲ ಫೋನ್ ಮಾಡಿ, ಮೂರನೆಯ ಸಲ ಅರ್ಧ ಹಣಕ್ಕೆ ಇಳಿದರು. ಆಗ ಇವರಿಗೂ ಅರ್ಥವಾಯಿತು. ಮಗ ತಾನೇ ಕುಳಿತು ಹದಿನಾಲ್ಕು ಕಾಲೇಜುಗಳಿಗೆ ಬರೆದ. ಎರಡರಿಂದ ಉತ್ತರ ಬಂದಿದೆ. ಒಂದು ಮೂರನೆಯ ಡಿವಿಷನ್ ಕಾಲೇಜು, ಅಂಕಪಟ್ಟಿ ಕಳುಹಿಸಿ ಎಂದಿದ್ದಾರೆ. ಇನ್ನೊಬ್ಬರು ವಿಡಿಯೊದಲ್ಲಿದ್ದ ಒಂದು ತಪ್ಪನ್ನು ಹಿಡಿದು, ಬಲಗಾಲನ್ನು ಹೀಗೆ ಇಟ್ಟಿದ್ದರೆ ಚೆಂಡು ಸಿಗುತ್ತಿತ್ತು ಎಂದು ನಾಲ್ಕು ಸಾಲು ಬರೆದಿದ್ದಾರೆ, ಅಷ್ಟೇ. ಬೇರೆ ಏನೂ ಹೇಳಿಲ್ಲ. ಇವನು ಆ ನಾಲ್ಕು ಸಾಲನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದಾನೆ.

ಈ ಚರ್ಚೆಯನ್ನೆಲ್ಲ ಅವನಿಗೆ ಓದಿ ಹೇಳಿದೆ. ನ್ಯೂಜೆರ್ಸಿಯ ಚಳಿಯ ಪಂದ್ಯದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಾನೆ. ಗೋಲ್‌ಕೀಪರ್ ಗ್ಲೌಸ್ ಒಳಗೆ ಉಣ್ಣೆಯ ಇನ್ನೊಂದು ಗ್ಲೌಸ್ ಹಾಕಿಕೊಳ್ಳಬಹುದೇ ಎಂದು. ಮೇಷ್ಟ್ರೇ, ನೀವೇ ಹೇಳಬೇಕು.

ಪಿ.ಟಿ. ಮೇಷ್ಟ್ರು

ನಿಯಮದಲ್ಲಿ ಅಡ್ಡಿ ಇಲ್ಲ. ಆದರೆ ಬೆರಳಿಗೆ ಚೆಂಡು ತಿಳಿಯುವುದಿಲ್ಲ. ತೆಳ್ಳಗಿನದು ಹಾಕಿಕೊಳ್ಳಲಿ, ಬೆಂಗಳೂರಿನ ಜನವರಿ ಬೆಳಿಗ್ಗೆ ಐದಕ್ಕೆ ಎದ್ದು ಅಭ್ಯಾಸ ಮಾಡಲಿ. ಬಲಗಾಲಿನ ವಿಷಯದಲ್ಲಿ ಆ ಕೋಚ್ ಹೇಳಿದ್ದು ಸರಿಯಾಗಿರಬಹುದು, ವಿಡಿಯೊ ನನಗೂ ಒಮ್ಮೆ ಕಳುಹಿಸಿ ನೋಡೋಣ.